ಪತ್ರಿಕಾಲಯವೇ ವಿದ್ಯಾಪೀಠ: ಸ್ವೀಡನ್ನಿನ ವಿಕ್ಟರ್ ರಿಡ್‌ಬರ್ಗ್

ದಿನಪತ್ರಿಕೆಯ ಬರಹಕ್ಕೆ ಒಂದೇ ದಿನದ ಆಯುಸ್ಸು ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ಬೆಳಿಗ್ಗೆ ಓದಿದುದನ್ನು ಸಂಜೆಗೆ ಮರೆಯುವುದೂ, ಮರುದಿನ ಅಂಗಡಿಯವನು ಅದೇ ಹಾಳೆಯಲ್ಲಿ ಬೆಲ್ಲವನ್ನೋ ಮೆಣಸಿನಕಾಯಿಯನ್ನೋ ಕಟ್ಟಿಕೊಡುವುದೂ ನಮ್ಮ ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಆದರೆ ಒಂದು ಜನಾಂಗದ ವಿಚಾರಶಕ್ತಿಯನ್ನೂ ನುಡಿಯನ್ನೂ ಬೆಳೆಸಿದ ಗ್ರಂಥಗಳು ಇಂಥ ಹಾಳೆಗಳಲ್ಲಿಯೇ, ವ್ಯಾಪಾರದ ಸುದ್ದಿ ಮತ್ತು ಹಡಗುಗಳ ವರ್ತಮಾನಗಳ ನೆರೆಯಲ್ಲಿಯೇ, ಹುಟ್ಟಿಬಂದ ನಿದರ್ಶನಗಳೂ ಇಲ್ಲದಿಲ್ಲ. ಅಂಥ ನಿದರ್ಶನಗಳಲ್ಲಿ ಸ್ವೀಡನ್ ದೇಶದ ಕಾದಂಬರಿಕಾರನೂ ಭಾಷಾಂತರಕಾರನೂ ಆದ ವಿಕ್ಟರ್ ರಿಡ್‌ಬರ್ಗನ ಬಾಳು ಒಂದು. ಈತನ ಹೆಸರು ನಮ್ಮಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ. ಆದರೂ ಈತನ ಚರಿತ್ರೆಯಲ್ಲಿ ನಾವು ವಿಚಾರಮಾಡತಕ್ಕ ಅಂಶಗಳು ಅನೇಕವಿರುವುದರಿಂದ ಇಂದು ಅದನ್ನು ವಾಚಕರ ಮುಂದಿಡುತ್ತೇವೆ.

ರಿಡ್‌ಬರ್ಗನು ೧೮೨೮ನೆಯ ಇಸವಿ ಡಿಸೆಂಬರ್ ೧೮ರಂದು ದಕ್ಷಿಣ ಸ್ವೀಡನ್ನಿನ ಯೆನ್‌ಶೆಪಿಂಗ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಮೊದಲು ಸಿಪಾಯಿಯಾಗಿದ್ದು ಅನಂತರ ಸೆರೆಮನೆಯ ಕಾವಲುಗಾರನಾಗಿದ್ದವನು, ತಾಯಿ ಸೂಲಗಿತ್ತಿ. ೧೮೩೪ರಲ್ಲಿ ಊರಿಗೆ ವಾಂತಿಭೇದಿಯ ಜಾಡ್ಯವು ತಗಲಿ ತಾಯಿ ತೀರಿಕೊಂಡಳು. ಹೆಂಡತಿಯ ಮರಣದಿಂದ ತಂದೆಯ ಮನಸ್ಸು ಮುರಿದು ಸಂಸಾರವು ಚೆದರಿಹೋಯಿತು. ಆಗ ಬಾಲಕನಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ಅಂದಿನಿಂದ ಅವನು ಬೆಳೆದುದು ಪರರ ಮನೆಗಳಲ್ಲಿ. ಇಂಥ ಅನಾಥನಿಗೆ ಅಕ್ಷರವಿದ್ಯೆ ದೊರೆತುದೇ ಭಾಗ್ಯವೆನ್ನಬೇಕು. ಬುದ್ಧಿ ಚುರುಕಾಗಿದ್ದುದರಿಂದ ವೆಕ್ಷೊ ಪಟ್ಟಣದ ಪ್ರೌಢಶಾಲೆಯಲ್ಲಿ ಕೆಲವು ಕಾಲ ಓದಿದನು. ೧೮೫೧ರಲ್ಲಿ ಲುಂಡ್ ವಿಶ್ವವಿದ್ಯಾನಿಲಯವನ್ನು ಸೇರಿ ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡತೊಡಗಿದನು. ಆದರೆ ಕೈಯಲ್ಲಿ ಹಣವಿಲ್ಲದೆ ಮರುವರ್ಷವೇ ಅದನ್ನು ಬಿಡಬೇಕಾಯಿತು. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಪದವಿಯನ್ನು ಪಡೆಯುವ ಯೋಗವು ಅವನಿಗೆ ಒದಗಲೇ ಇಲ್ಲ.

ಪದವಿಯಿಲ್ಲದವನಿಗೆ ಅನ್ನವನ್ನು ಕೊಟ್ಟುದು ಪತ್ರಿಕೆ. ಶಾಲೆಯನ್ನು ಬಿಟ್ಟ ಹೊಸದರಲ್ಲಿಯೇ ಅವನು ಹುಟ್ಟೂರಿನ ಉದಾರಪಕ್ಷದ ಪತ್ರಿಕೆಯೊಂದರಲ್ಲಿ ಕೆಲಸಮಾಡಿದ್ದನು. ಮೊದಲ ಕಥೆಗಳನ್ನು ಅಚ್ಚಿನಲ್ಲಿ ಕಂಡುದೂ ಅದರಲ್ಲಿಯೇ. ಲುಂಡನ್ನು ಬಿಟ್ಟ ಮೇಲೆ ಕೆಲವು ಕಾಲ ಮನೆಪಾಠ ಹೇಳಿ ಕಾಲಕ್ಷೇಪ ಮಾಡಿದನು. ೧೮೫೫ರಲ್ಲಿ ಪಶ್ಚಿಮ ತೀರದ ದೊಡ್ಡ ರೇವುಪಟ್ಟಣವಾದ ಯೊಟೆಬೊರಿಗೆ ಬಂದು, ಅಲ್ಲಿಯ ವಾಣಿಜ್ಯ ಮತ್ತು ನೌಕಾವರ್ತಮಾನ ಪತ್ರಿಕೆಯನ್ನು ಸೇರಿದನು. ೧೮೩೨ರಲ್ಲಿ ಸ್ಥಾಪಿತವಾದ ಆ ಪತ್ರಿಕೆಯ ಹೆಸರಿನಲ್ಲಿ ಇದ್ದುದು ವ್ಯಾಪಾರವೂ ಹಡಗುಗಳೂ ಮಾತ್ರ. ಆದರೆ ಸ್ವೆನ್ ಅಡಾಲ್ಫ್ ಹೆಡ್‌ಲುಂಡ್ ಎಂಬ ಸಂಪಾದಕನ ಕೈಗೆ ಬಂದ ಮೇಲೆ ಅದು ಸ್ವೀಡನ್ನಿನ ಉದಾರಪಕ್ಷದ ಪ್ರಬಲವಾದ ವಾಣಿಯಾಯಿತು. ಹೆಡ್‌ಲುಂಡನು ಈ ತರುಣನ ಶಕ್ತಿಯನ್ನು ಗುರುತಿಸಿ ಅವನಿಗೆ ಆಶ್ರಯವನ್ನೂ ಬಿಡುವನ್ನೂ ಕೊಟ್ಟನು. ಸುಮಾರು ಇಪ್ಪತ್ತು ವರ್ಷಗಳವರೆಗೆ, ೧೮೭೬ರ ತನಕ, ಆ ಕಾರ್ಯಾಲಯವೇ ರಿಡ್‌ಬರ್ಗನ ವಿದ್ಯಾಪೀಠವಾಯಿತು. ರಾಜಕೀಯ ಲೇಖನ, ಪರದೇಶದ ವರ್ತಮಾನ, ಗ್ರಂಥವಿಮರ್ಶೆ, ಧಾರಾವಾಹಿ ಕಥೆ ಇವುಗಳನ್ನೆಲ್ಲ ಬರೆಯುತ್ತ ಬರೆಯುತ್ತಲೇ ಅವನು ಇತಿಹಾಸ, ತತ್ತ್ವಶಾಸ್ತ್ರ, ಪುರಾಣಗಳನ್ನು ಸ್ವಂತ ಪರಿಶ್ರಮದಿಂದ ಕಲಿತನು.

ಆ ಕಾಲದ ಸ್ವೀಡನ್ನಿನ ಸ್ಥಿತಿಯನ್ನು ವಾಚಕರು ಸ್ವಲ್ಪ ತಿಳಿದುಕೊಂಡರೆ ಅವನ ಬರಹದ ಬೆಲೆ ಗೊತ್ತಾಗುವುದು. ೧೮೫೦ರಲ್ಲಿ ಆ ದೇಶದ ಜನಸಂಖ್ಯೆ ಸುಮಾರು ೩೫ ಲಕ್ಷ. ಶ್ರೀಮಂತರು, ಪಾದ್ರಿಗಳು, ಪಟ್ಟಣಿಗರು, ರೈತರು ಎಂಬ ನಾಲ್ಕು ವರ್ಗಗಳು ಬೇರೆಬೇರೆಯಾಗಿ ಕುಳಿತು ಮತ ಕೊಡುವ ಹಳೆಯ ಸಭೆಯೇ ರಾಜ್ಯವನ್ನು ಆಳುತ್ತಿದ್ದಿತು. ಈ ವ್ಯವಸ್ಥೆಯು ಅಳಿದು ಎರಡು ಮನೆಗಳ ಪಾರ್ಲಿಮೆಂಟು ಬಂದುದು ೧೮೬೬ರಲ್ಲಿ. ಮತದ ವಿಷಯದಲ್ಲಿಯಂತೂ ಲೂಥರನ ಪಂಥದ ರಾಜಕೀಯ ಚರ್ಚಿನ ಅಧಿಕಾರವು ಬಲು ಬಿಗಿಯಾಗಿದ್ದಿತು. ಪಾದ್ರಿಯ ಸಮ್ಮುಖವಿಲ್ಲದೆ ಮನೆಗಳಲ್ಲಿ ಗುಂಪುಗೂಡಿ ಪ್ರಾರ್ಥನೆ ಮಾಡಬಾರದೆಂಬ ಶಾಸನವು ರದ್ದಾದುದೇ ೧೮೫೮ರಲ್ಲಿ. ಅದೇ ವರ್ಷ, ರೋಮಿನ ಮತಕ್ಕೆ ಸೇರಿದರೆಂಬ ಒಂದೇ ಅಪರಾಧಕ್ಕಾಗಿ, ಆರು ಮಂದಿ ಹೆಂಗಸರಿಗೆ ನ್ಯಾಯಸ್ಥಾನವು ದೇಶಭ್ರಷ್ಟತೆಯ ಶಿಕ್ಷೆಯನ್ನು ವಿಧಿಸಿತು. ಯೂರೋಪಿನ ಇತರ ದೇಶಗಳವರು ಇದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು. ೧೮೬೦ರಲ್ಲಿ ಶಾಸನವು ಸಡಿಲವಾಯಿತು.

ಇಂಥ ಕಾಲದಲ್ಲಿ ರಿಡ್‌ಬರ್ಗನು ಕಾದಂಬರಿಯನ್ನು ಕೈಗೆತ್ತಿಕೊಂಡನು. ೧೮೫೭ರಲ್ಲಿ ಬಂದ "ಬಾಲ್ಟಿಕ್ ಸಮುದ್ರದ ಕಡಲುಗಳ್ಳ" ಎಂಬ ಕಥೆಯು ೧೭ನೆಯ ಶತಮಾನದ ಸ್ವೀಡನ್ನಿಗೆ ಸಂಬಂಧಪಟ್ಟುದು. ಮೇಲುನೋಟಕ್ಕೆ ಅದು ಸಾಹಸದ ಕಥೆ. ಒಳಗೆ ಶ್ರೀಮಂತವರ್ಗದ ದರ್ಪವನ್ನೂ ಮೂಢನಂಬಿಕೆಯನ್ನೂ ಖಂಡಿಸುವ ಬರಹ. ಅದೇ ವರ್ಷದ "ಸಿಂಗೊಅಲ್ಲಾ" ಎಂಬ ಕಥೆಯು ಇದಕ್ಕಿಂತ ಮೃದುವಾದುದು, ಇದಕ್ಕಿಂತ ಹೆಚ್ಚು ಕಾಲ ಬಾಳಿದುದು. ೧೪ನೆಯ ಶತಮಾನದಲ್ಲಿ ಎರ್ಲೆಂಡ್ ಎಂಬ ದುರ್ಗಾಧಿಪತಿಯ ಮಗನು ಕಾಡಿನ ತೊರೆಯ ಬಳಿ ಅಲೆಮಾರಿ ಜನಾಂಗದ ಸಿಂಗೊಅಲ್ಲಾ ಎಂಬ ಕನ್ಯೆಯನ್ನು ಕಂಡು ಒಲಿಯುವನು. ಎರಡು ಕುಲಗಳ ದ್ವೇಷವು ಅವರನ್ನು ಅಗಲಿಸುವುದು; ಎರ್ಲೆಂಡನು ಬೇರೊಬ್ಬಳನ್ನು ವರಿಸುವನು. ವರ್ಷಗಳು ಕಳೆದ ಮೇಲೆ, "ದುಃಖದ ಕೂಸು" ಎಂಬ ಹೆಸರನ್ನು ಹೊತ್ತ ಹುಡುಗನೊಬ್ಬನು ಕೋಟೆಗೆ ಬರುವನು. ಅವನು ತನ್ನ ಮಗನೇ ಎಂಬುದು ತಂದೆಗೆ ಗೊತ್ತಿಲ್ಲ. ಕೊನೆಗೆ ಆ ಬಾಲಕನು ತಂದೆಯ ಕೈಯಿಂದಲೇ ಸಾಯುವನು. ಆಮೇಲೆ ಮಹಾಮಾರಿಯು ಬಂದು ಊರೂರುಗಳನ್ನು ಬರಿದುಮಾಡುವುದು.

ಈ ಕಥೆಯಲ್ಲಿ ನಮಗೆ ಬೇರೊಂದು ಕಾರಣದಿಂದಲೂ ಆಸಕ್ತಿಯುಂಟು. ಯೂರೋಪಿನ ಊರುಗಳ ಹೊರಗೆ ಡೇರೆ ಹಾಕಿಕೊಂಡು ಬಾಳಿದ ಈ ರೋಮಾ ಜನರು ಮೂಲತಃ ಭರತಖಂಡದಿಂದ ಹೊರಟವರೆಂಬುದು ಅವರ ನುಡಿಯಿಂದಲೇ ಸಿದ್ಧವಾಗಿದೆ. ಅದು ನಮ್ಮ ಉತ್ತರದೇಶದ ಭಾಷೆಗಳ ಬಳಗಕ್ಕೆ ಸೇರಿದುದು. ಅವರು ಸ್ವೀಡನ್ನಿಗೆ ಬಂದುದಕ್ಕೆ ಸಿಕ್ಕುವ ಮೊದಲನೆಯ ದಾಖಲೆ ೧೫೧೨ರದು. ಆದುದರಿಂದ ೧೪ನೆಯ ಶತಮಾನದಲ್ಲಿ ಅವರನ್ನು ಅಲ್ಲಿ ಇರಿಸಿದುದು ಕವಿಕಲ್ಪನೆಯೇ ಸರಿ. ಆದರೆ ಎಲ್ಲರೂ ಕಳ್ಳರೆಂದು ಅಟ್ಟುತ್ತಿದ್ದ ಜನಾಂಗದ ಹೆಣ್ಣಿಗೆ ನಾಯಿಕೆಯ ಸ್ಥಾನವನ್ನೂ ಗೌರವವನ್ನೂ ಕೊಟ್ಟುದು ೧೮೫೭ರಲ್ಲಿ ಸಾಮಾನ್ಯವಾದ ಮಾತಲ್ಲ.

೧೮೫೯ರಲ್ಲಿ ಅವನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ "ಕಡೆಯ ಅಥೆನ್ಸಿಗ" ಎಂಬ ಕಾದಂಬರಿಯು ಅವನನ್ನು ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟಿತು. ಕಥೆ ನಡೆಯುವುದು ಕ್ರಿಸ್ತಶಕದ ೪ನೆಯ ಶತಮಾನದಲ್ಲಿ. ಹಳೆಯ ಗ್ರೀಕ್ ಧರ್ಮವನ್ನು ಮತ್ತೆ ಎತ್ತಿ ನಿಲ್ಲಿಸಲು ಯತ್ನಿಸಿದ ಜೂಲಿಯನ್ ಚಕ್ರವರ್ತಿಯು ಆಳಿದುದು ೩೬೧ರಿಂದ ೩೬೩ರವರೆಗೆ ಮಾತ್ರ. ಆ ಕಾಲದ ಅಥೆನ್ಸಿನಲ್ಲಿ ಕ್ರಿಸಾಂತಿಯುಸ್ ಎಂಬ ತತ್ತ್ವಜ್ಞನೂ ಅವನ ಮಗಳು ಹರ್ಮಿಯೊನೆಯೂ ಹೊಸ ಅಧಿಕಾರದ ಎದುರಿಗೆ ನಿಲ್ಲುವರು. ರಿಡ್‌ಬರ್ಗನು ಖಂಡಿಸಿದುದು ಕ್ರಿಸ್ತನ ಬೋಧೆಯನ್ನಲ್ಲ. ರಾಜದಂಡವನ್ನು ಕೈಯಲ್ಲಿ ಹಿಡಿದು ಪರರ ಮನಸ್ಸಾಕ್ಷಿಯನ್ನು ತುಳಿಯುವ ಪಾದ್ರಿತನವನ್ನು. ಈ ಗ್ರಂಥವು ಎದುರಾಳಿಗಳ ಮೇಲೆ ತಾನು ಎಸೆಯುವ ಈಟಿಯೆಂಬ ಅಭಿಪ್ರಾಯವನ್ನು ಅವನು ಮುನ್ನುಡಿಯಲ್ಲಿಯೇ ಮುಚ್ಚುಮರೆಯಿಲ್ಲದೆ ತಿಳಿಸಿದನು. ಆರು ಹೆಂಗಸರನ್ನು ದೇಶದಿಂದ ಅಟ್ಟಿದ ಮರುವರ್ಷವೇ ಇದನ್ನು ಓದಿದವರಿಗೆ, ಅಥೆನ್ಸ್ ಎಂದರೆ ಸ್ವೀಡನ್ ಎಂದು ಬಿಡಿಸಿಹೇಳುವ ಅಗತ್ಯವಿರಲಿಲ್ಲ.

ಮೂರು ವರ್ಷಗಳ ಮೇಲೆ, ೧೮೬೨ರಲ್ಲಿ, ಕಥೆಯ ಮರೆಯನ್ನೂ ತೊರೆದು "ಕ್ರಿಸ್ತನ ವಿಷಯದಲ್ಲಿ ಬೈಬಲಿನ ಬೋಧೆ" ಎಂಬ ಗ್ರಂಥವನ್ನು ಪ್ರಕಟಿಸಿದನು. ಕ್ರಿಸ್ತನನ್ನು ದೇವರೆಂದೇ ಎಣಿಸುವ ತ್ರಿಮೂರ್ತಿಸಿದ್ಧಾಂತಕ್ಕೆ ಬೈಬಲಿನಲ್ಲಿಯೇ ಆಧಾರವಿಲ್ಲವೆಂಬುದು ಅದರ ವಾದ. ಚರ್ಚು ಪ್ರಮಾಣವೆಂದು ಒಪ್ಪಿದ ಗ್ರಂಥದಿಂದಲೇ ಚರ್ಚಿನ ಮಾತನ್ನು ಪ್ರಶ್ನಿಸಿದ ಈ ಕ್ರಮವು ಪಾದ್ರಿವರ್ಗಕ್ಕೆ ಸಹಿಸಲಾರದಂತಾಯಿತು. ಖಂಡನೆಗಳ ಮೇಲೆ ಖಂಡನೆಗಳು ಬಂದವು. ಈ ವಾದವು ಸರಿಯೇ ತಪ್ಪೇ ಎಂಬುದನ್ನು ಆ ಮತದ ಪಂಡಿತರೇ ನಿರ್ಣಯಿಸಲಿ. ನಾವು ಗಮನಿಸತಕ್ಕುದು ಇಷ್ಟೇ: ಪಾಂಡಿತ್ಯದ ಪದವಿಯಿಲ್ಲದ ಪತ್ರಿಕಾಲೇಖಕನೊಬ್ಬನು ಮೂಲಗ್ರಂಥವನ್ನು ತಾನೇ ಓದಿ, ತಾನೇ ವಿಚಾರಮಾಡಿ, ಕಂಡುದನ್ನು ತನ್ನ ಹೆಸರಿನಲ್ಲಿ ದೇಶಭಾಷೆಯಲ್ಲಿ ಬರೆದನು. ಅವನನ್ನು ಬಾಯಿ ಮುಚ್ಚಿಸಲಾಗಲಿಲ್ಲ. ೧೮೬೮ರ ಚರ್ಚು ಮಹಾಸಭೆಗೆ ಯೊಟೆಬೊರಿಯ ಗೃಹಸ್ಥರ ಪ್ರತಿನಿಧಿಯಾಗಿ ಅವನೇ ಹೋದನು. ೧೮೭೦ರಿಂದ ೧೮೭೨ರವರೆಗೆ ಪಾರ್ಲಿಮೆಂಟಿನ ಎರಡನೆಯ ಮನೆಯಲ್ಲಿ ರೈತಪಕ್ಷದ ಬೆಂಬಲಿಗನಾಗಿಯೂ ಕುಳಿತನು.

ಇನ್ನು ಅವನ ಭಾಷಾಸೇವೆಯ ವಿಷಯ. ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ಹಾನ್ಸಾ ಸಂಘದ ವರ್ತಕರು ಸ್ವೀಡನ್ನಿನ ಪಟ್ಟಣಗಳಲ್ಲಿ ಬೇರೂರಿದ್ದರು. ಸರಕಿನ ಜೊತೆಯಲ್ಲಿ ಅವರ ನುಡಿಯೂ ಬಂದಿತು. "ಬೆ", "ಆನ್", "ಫೋರ್" ಮೊದಲಾದ ಜರ್ಮನ್ ಉಪಸರ್ಗಗಳು ಸ್ವೀಡಿಷ್ ಶಬ್ದಗಳ ತಲೆಯ ಮೇಲೆ ಕುಳಿತು ನೂರಾರು ಪದಗಳಿಗೆ ಪರಕೀಯವಾದ ರೂಪವನ್ನು ಕೊಟ್ಟವು. ೧೮೭೩ರಲ್ಲಿ "ಸ್ವೀಡಿಷ್ ನುಡಿಯು ಜರ್ಮನವಾಗಬೇಕೋ ಉತ್ತರದ್ದಾಗಬೇಕೋ" ಎಂಬ ಅರ್ಥದ ಶೀರ್ಷಿಕೆಯಲ್ಲಿ ರಿಡ್‌ಬರ್ಗನು ಒಂದು ಪ್ರಬಂಧವನ್ನು ಬರೆದು, ಇಂಥ ಶಬ್ದಗಳಿಗೆ ಬದಲಾಗಿ ಹಳೆಯ ಉತ್ತರದೇಶದ ಮೂಲಗಳಿಂದ ಪದಗಳನ್ನು ಕಟ್ಟಬೇಕೆಂದು ವಾದಿಸಿದನು. ತನ್ನ ಬರಹಗಳಲ್ಲಿ ತಾನೇ ಅದನ್ನು ಆಚರಿಸಿಯೂ ತೋರಿಸಿದನು. ಅವನ ಸೂಚನೆಗಳಲ್ಲಿ ಅನೇಕವು ನಿಲ್ಲಲಿಲ್ಲ. ಆ ಉಪಸರ್ಗಗಳು ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಉಳಿದಿವೆ. ಜನರ ನಾಲಗೆಗೆ ಶತಮಾನಗಳಿಂದ ಒಗ್ಗಿದ ಶಬ್ದವನ್ನು ಒಬ್ಬ ಪಂಡಿತನ ಲೇಖನಿಯು ಅಳಿಸಲಾರದು. ಆದರೆ ಬರೆಯುವವನು ಒಂದು ಪದವನ್ನು ಇಡುವ ಮುನ್ನ ಅದು ಎಲ್ಲಿಯದು, ತನ್ನ ನುಡಿಯಲ್ಲಿ ಅದಕ್ಕೆ ಸಮವಾದುದು ಇದೆಯೇ ಎಂದು ಒಂದು ಗಳಿಗೆ ನಿಂತು ನೋಡಬೇಕೆಂಬ ಎಚ್ಚರವನ್ನು ಅವನು ಹುಟ್ಟಿಸಿದನು.

ಈ ವಾದವನ್ನು ಮಾಡಿದವನು ಜರ್ಮನರ ಮೇಲಣ ದ್ವೇಷದಿಂದ ಮಾಡಿದನೆಂದು ಯಾರಾದರೂ ಭಾವಿಸಿದರೆ ಅದಕ್ಕೆ ಉತ್ತರವು ಅವನ ಮುಂದಿನ ಕೆಲಸದಲ್ಲಿದೆ. ೧೮೭೬ರಲ್ಲಿ ಅವನು ಗಯಟೆ ಮಹಾಕವಿಯ "ಫೌಸ್ಟ್" ನಾಟಕದ ಮೊದಲನೆಯ ಭಾಗವನ್ನು ಸ್ವೀಡಿಷ್ ಪದ್ಯಕ್ಕೆ ಭಾಷಾಂತರಿಸಿ ಪ್ರಕಟಿಸಿದನು. ೧೮೦೮ರಲ್ಲಿ ಬೆಳಕು ಕಂಡ ಆ ಕೃತಿಯು ಜರ್ಮನ್ ವಾಙ್ಮಯದ ಶಿಖರ. ಜರ್ಮನಿಯ ಉಪಸರ್ಗವನ್ನು ಬೇಡವೆಂದವನೇ ಜರ್ಮನಿಯ ಕಾವ್ಯವನ್ನು ತಲೆಯ ಮೇಲೆ ಹೊತ್ತು ತಂದನು. ಇದರಲ್ಲಿ ವಿರೋಧವೇನೂ ಇಲ್ಲ. ಪರಭಾಷೆಯ ಉತ್ತಮ ವಿಚಾರವನ್ನು ಸ್ವಭಾಷೆಯ ಉಡುಗೆಯಲ್ಲಿ ತರುವುದು ಒಂದು. ಪರಭಾಷೆಯ ಉಡುಗೆಯನ್ನು ತೊಟ್ಟು ಸ್ವಂತ ವಿಚಾರವಿಲ್ಲದೆ ಕುಳಿತುಕೊಳ್ಳುವುದು ಮತ್ತೊಂದು. ಮೊದಲನೆಯದರಿಂದ ನುಡಿಯು ಬೆಳೆಯುವುದು, ಎರಡನೆಯದರಿಂದ ಸೊರಗುವುದು.

ಈ ಭಾಷಾಂತರಕ್ಕೆ ಅವನು ಬಹುಕಾಲದಿಂದ ಸಿದ್ಧನಾಗುತ್ತಿದ್ದನೆನ್ನಬಹುದು. ೧೮೬೫ರಲ್ಲಿಯೇ ಅವನು "ಮಧ್ಯಯುಗದ ಮಾಟ" ಎಂಬ ಗ್ರಂಥವನ್ನು ಬರೆದು, ಪಿಶಾಚಿಯೊಡನೆ ಒಪ್ಪಂದ, ಮಾಟಗಾತಿಯರ ಬೇಟೆ, ಮಂತ್ರತಂತ್ರಗಳು ಇವುಗಳ ಚರಿತ್ರೆಯನ್ನು ಪರಿಶೋಧಿಸಿದ್ದನು. ಫೌಸ್ಟನ ಕಥೆಯ ಬೇರು ಇರುವುದು ಆ ನೆಲದಲ್ಲಿಯೇ. ಭಾಷಾಂತರದೊಡನೆ ಆ ನಾಟಕವನ್ನು ಕುರಿತ ವಿವರಣೆಗಳನ್ನೂ ಅವನು ಬರೆದನು. ಮೂಲದ ಶಬ್ದವನ್ನು ಬಲ್ಲವನು ಪದಕ್ಕೆ ಪದವನ್ನಿಡಬಲ್ಲನು. ಆ ಶಬ್ದದ ಹಿಂದಿರುವ ಲೋಕವನ್ನು ಬಲ್ಲವನು ಮಾತ್ರ ಕಾವ್ಯವನ್ನು ಕಾವ್ಯವಾಗಿ ತರಬಲ್ಲನು. ಆ ಮಾಟದ ಗ್ರಂಥವನ್ನು ೧೮೭೯ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದವನು ಆಗಸ್ಟ್ ಯಾಲ್ಮಾರ್ ಎಡ್‌ಗ್ರೆನ್. ೧೮೮೫ರಲ್ಲಿ ಒಂದು ಸಂಸ್ಕೃತ ವ್ಯಾಕರಣವನ್ನು ರಚಿಸಿದ, ಕಾಳಿದಾಸನ ಶಾಕುಂತಲವನ್ನು ಭಾಷಾಂತರಿಸಿದ ಪಂಡಿತನೂ ಇವನೇ ಎಂಬುದನ್ನು ವಾಚಕರು ಸಂತೋಷದಿಂದ ಗಮನಿಸುವರು.

ಇಷ್ಟು ಕೆಲಸವಾದ ಮೇಲೆ ಮಾನಮರ್ಯಾದೆಗಳು ತಾವಾಗಿ ಹುಡುಕಿಕೊಂಡು ಬಂದವು. ೧೮೭೭ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯದ ನಾಲ್ಕು ನೂರನೆಯ ವರ್ಷದ ಉತ್ಸವಕ್ಕೆ ಗೇಯಪ್ರಬಂಧವನ್ನು ರಚಿಸಿದವನು ರಿಡ್‌ಬರ್ಗನೇ. ಆಗಲೇ ಆ ವಿದ್ಯಾಪೀಠವು ಅವನಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅದೇ ವರ್ಷ ಸ್ವೀಡಿಷ್ ಅಕಾಡೆಮಿಯ ಹದಿನೆಂಟು ಮಂದಿಯಲ್ಲಿ ಒಬ್ಬನಾದನು. ೧೮೮೪ರಲ್ಲಿ ಸ್ಟಾಕ್‌ಹೋಮಿನ ಹೊಸ ವಿದ್ಯಾಲಯದಲ್ಲಿ ಸಂಸ್ಕೃತಿಯ ಇತಿಹಾಸಕ್ಕೆ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಹಳೆಯ ವಿಶ್ವವಿದ್ಯಾನಿಲಯಗಳ ಕಟ್ಟುಕಟ್ಟಳೆಯಿಲ್ಲದೆ ಖಾಸಗಿ ಧನದಿಂದ ೧೮೭೮ರಲ್ಲಿ ತೆರೆದ ಆ ಸಂಸ್ಥೆಯೇ ೧೮೮೪ರಲ್ಲಿ ಸೋಫಿಯಾ ಕೊವಲೆವ್‌ಸ್ಕಾಯಾ ಎಂಬ ರಷ್ಯದ ಗಣಿತವಿದುಷಿಗೂ ಪ್ರಾಧ್ಯಾಪಕಸ್ಥಾನವನ್ನು ಕೊಟ್ಟಿತು. ಹಣವಿಲ್ಲದೆ ವಿಶ್ವವಿದ್ಯಾನಿಲಯದಿಂದ ಹಿಂದಿರುಗಿದವನು ಮೂವತ್ತೆರಡು ವರ್ಷಗಳ ಮೇಲೆ ಉಪಾಧ್ಯಾಯಪೀಠವನ್ನೇರಿ ಕುಳಿತುದು ಹೀಗೆ.

೧೮೮೬ರಿಂದ ೧೮೮೯ರವರೆಗೆ ಅವನು ಪ್ರಕಟಿಸಿದ "ಜರ್ಮಾನಿಕ್ ಪುರಾಣಗಳ ಪರಿಶೋಧನೆ" ಎಂಬ ದೊಡ್ಡ ಗ್ರಂಥದಲ್ಲಿ ನಮ್ಮ ಋಗ್ವೇದವೂ ಮತ್ತೆ ಮತ್ತೆ ಬರುವುದು. ಯಮ, ತ್ವಷ್ಟೃ, ಋಭುಗಳು ಇವರ ವೈದಿಕ ಕಥೆಗಳನ್ನು ಉತ್ತರ ಯೂರೋಪಿನ ದೇವತೆಗಳ ಕಥೆಗಳೊಡನೆ ಹೋಲಿಸಿ, ಎರಡಕ್ಕೂ ಒಂದೇ ಮೂಲವುಂಟೆಂದು ತೋರಿಸಲು ಅವನು ಯತ್ನಿಸಿದ್ದಾನೆ. ಅವನು ಚೆದರಿದ ಕಥೆಗಳನ್ನೆಲ್ಲ ಬಲವಂತವಾಗಿ ಒಂದೇ ದಾರದಲ್ಲಿ ಪೋಣಿಸಿದನೆಂದು ಅನಂತರದ ವಿದ್ವಾಂಸರು ಆಕ್ಷೇಪಿಸಿದರು. ಆ ಆಕ್ಷೇಪಣೆಯಲ್ಲಿ ಹುರುಳಿದೆ. "ಆರ್ಯ" ಎಂಬ ಶಬ್ದವನ್ನು ಆ ಕಾಲದ ಯೂರೋಪಿನ ಪಂಡಿತರು ಬಳಸಿದ ರೀತಿಯಿಂದ ೨೦ನೆಯ ಶತಮಾನದಲ್ಲಿ ಎಂಥ ಅನರ್ಥವುಂಟಾಯಿತೆಂಬುದನ್ನೂ ನಾವು ಮರೆಯುವಂತಿಲ್ಲ. ದೊಡ್ಡವರ ಗ್ರಂಥಗಳನ್ನು ಓದುವಾಗಲೂ ಕಣ್ಣು ತೆರೆದೇ ಓದಬೇಕು.

ಆದರೆ ಪಾಂಡಿತ್ಯದ ಗ್ರಂಥಗಳಿಗಿಂತ ಜನರ ಮನಸ್ಸಿನಲ್ಲಿ ನಿಂತುದು ಅವನ ಕವಿತೆ. ೧೮೮೧ರಲ್ಲಿ ಬರೆದ "ತೊಮ್ಟೆನ್" ಎಂಬ ಕವನದಲ್ಲಿ, ಸ್ವೀಡನ್ನಿನ ಹಳ್ಳಿಯ ಮನೆಯನ್ನೂ ಕೊಟ್ಟಿಗೆಯನ್ನೂ ಕಾಯುವ ಕುಳ್ಳ ದೇವತೆಯು ಚಳಿಗಾಲದ ನಡುರಾತ್ರಿಯಲ್ಲಿ ಎಚ್ಚರವಾಗಿದ್ದು, ತಲೆಮಾರುಗಳು ಎಲ್ಲಿಂದ ಬರುವವು, ಎಲ್ಲಿಗೆ ಹೋಗುವವು ಎಂದು ಚಿಂತಿಸುವುದು. ಆ ದೇಶದ ಮಕ್ಕಳಿಗೂ ಮುದುಕರಿಗೂ ಅದು ಪರಿಚಿತ. ೧೮೯೧ರ "ಹೊಸ ಗ್ರೊಟ್ಟಿ ಗೀತ"ವು ಬೇರೊಂದು ಬಗೆಯದು. ಹಳೆಯ ಕಥೆಯಲ್ಲಿ ಫ್ರೋದಿ ಎಂಬ ಅರಸನು ಇಬ್ಬರು ರಾಕ್ಷಸಕನ್ಯೆಯರನ್ನು ದಾಸಿಯರನ್ನಾಗಿ ಮಾಡಿ, ಹೊನ್ನನ್ನು ಬೀಸುವ ಬೀಸುಕಲ್ಲಿಗೆ ಹಚ್ಚಿದನಂತೆ. ರಿಡ್‌ಬರ್ಗನ ಕೈಯಲ್ಲಿ ಆ ಬೀಸುಕಲ್ಲು ಅವನ ಕಾಲದ ಕಾರ್ಖಾನೆಯಾಯಿತು. ಅದರಲ್ಲಿ ಅರೆಯಲ್ಪಡುವವರು ಕೂಲಿಗಳೂ ಎಳೆಯ ಮಕ್ಕಳೂ. ಅದೇ ವರ್ಷ ಬಂದ ಕೊನೆಯ ಕಾದಂಬರಿ "ಆಯುಧದ ಕಮ್ಮಾರ"ದಲ್ಲಿ ೧೬ನೆಯ ಶತಮಾನದ ತನ್ನ ಹುಟ್ಟೂರನ್ನು ಚಿತ್ರಿಸಿದನು. ತಂದೆ ಉದಾರಮನಸ್ಸಿನ ಕಸಬುದಾರ. ಮಗನು ಲೂಥರನ ಹೊಸ ಪಂಥದ ಉಗ್ರವಾದಿ. ಒಮ್ಮೆ ಹಳೆಯ ಅಥೆನ್ಸಿನ ಹೆಸರಿನಲ್ಲಿ ಹೇಳಿದ ಸಹಿಷ್ಣುತೆಯ ಪಾಠವನ್ನು ಈಗ ಸ್ವಂತ ಊರಿನ ಹೆಸರಿನಲ್ಲಿಯೇ ಹೇಳಿದನು.

೧೮೯೫ನೆಯ ಇಸವಿ ಸೆಪ್ಟೆಂಬರ್ ೨೧ರಂದು ಸ್ಟಾಕ್‌ಹೋಮಿನ ಬಳಿಯ ಯೂರ್ಸ್‌ಹೋಮಿನಲ್ಲಿ ಅವನು ಕಾಲವಾದನು. ದೇಹವನ್ನು ಸಮಾಧಿಮಾಡಿದುದು ಅವನ ಪತ್ರಿಕೆಯ ಊರಾದ ಯೊಟೆಬೊರಿಯಲ್ಲಿ. ಆದರೆ ಅವನ ಮಾತಿಗೆ ಅಂದೇ ಕೊನೆಯಾಗಲಿಲ್ಲ. ೩ನೆಯ ಶತಮಾನದಲ್ಲಿ ದಾಳಿಯಿಟ್ಟ ಹೆರುಲರ ಎದುರಿಗೆ ಅಥೆನ್ಸಿನವರನ್ನು ಕೂಡಿಸಿ ಹೋರಾಡಿದ ಡೆಕ್ಸಿಪ್ಪಸ್ ಎಂಬ ಇತಿಹಾಸಕಾರನನ್ನು ಕುರಿತು ಅವನು ಒಂದು ಕವನವನ್ನು ಬರೆದಿದ್ದನು. ೧೮೯೯ರ ಫೆಬ್ರವರಿಯಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸನು ಫಿನ್‌ಲೆಂಡಿನ ಸ್ವಯಮಾಡಳಿತವನ್ನು ಮೊಟಕುಮಾಡುವ ಘೋಷಣೆಯನ್ನು ಹೊರಡಿಸಿದನು. ಆ ದೇಶದ ಸಂಗೀತಗಾರನಾದ ಯಾನ್ ಸಿಬೆಲಿಯುಸ್ ರಿಡ್‌ಬರ್ಗನ ಆ ಕವನದ ಭಾಗವೊಂದಕ್ಕೆ "ಅಥೆನ್ಸಿಗರ ಹಾಡು" ಎಂದು ಸ್ವರವನ್ನು ಕೂಡಿಸಿದನು. ಅದೇ ವರ್ಷ ಏಪ್ರಿಲ್ ೨೬ರಂದು ಹೆಲ್ಸಿಂಕಿಯಲ್ಲಿ ಅದನ್ನು ಹಾಡಿದಾಗ, ಹಳೆಯ ಗ್ರೀಸಿನ ಹೆಸರಿನಲ್ಲಿ ತಮ್ಮ ನಾಡಿನ ಮಾತನ್ನೇ ಕೇಳುತ್ತಿರುವೆವೆಂದು ಸಭೆಯು ಅರಿತಿತು. ಬಾಯಿ ಬಿಟ್ಟು ಹೇಳಲಾಗದುದನ್ನು ಒಂದು ಜನಾಂಗವು ಮೃತಕವಿಯೊಬ್ಬನ ಪದಗಳಿಂದ ಹೇಳಿಕೊಂಡಿತು.

ಅವನು ದುಡಿದ ಪತ್ರಿಕೆಯೂ ಆ ಪರಂಪರೆಯನ್ನು ಬಿಡಲಿಲ್ಲ. ೧೯೧೭ರಿಂದ ೧೯೪೫ರವರೆಗೆ ಅದರ ಸಂಪಾದಕನಾಗಿದ್ದ ಟೊರ್ನ್ಯು ಸೆಯೆರ್‌ಸ್ಟೆಟ್ ಎಂಬಾತನು, ತಟಸ್ಥ ಸ್ವೀಡನ್ನಿನ ಸರಕಾರಕ್ಕೆ ಮುಜುಗರವಾದರೂ ಲಕ್ಷಿಸದೆ, ಹಿಟ್ಲರನ ಆಳ್ವಿಕೆಯನ್ನು ಕೊನೆಯತನಕ ಖಂಡಿಸಿದನು. ೧೯೭೩ರಲ್ಲಿ ಆ ದಿನಪತ್ರಿಕೆಯು ನಿಂತುಹೋಯಿತು. ಹಾಳೆ ಹೋಯಿತು, ಹಾಳೆಯಲ್ಲಿ ಹುಟ್ಟಿದುದು ಉಳಿಯಿತು.

ಈ ಚರಿತ್ರೆಯಿಂದ ನಾವು ತಿಳಿಯತಕ್ಕುದು ಏನು? ಸಣ್ಣ ಜನಸಂಖ್ಯೆಯ ನುಡಿಗೆ ದೊಡ್ಡ ವಾಙ್ಮಯವಿರಲಾರದೆಂಬ ಮಾತು ಸೋಮಾರಿಗಳದ್ದು. ೩೫ ಲಕ್ಷ ಜನರ ನುಡಿಯಲ್ಲಿ ವೇದವನ್ನೂ ಬೈಬಲನ್ನೂ ಗಯಟೆಯನ್ನೂ ಕುರಿತು ವಿಚಾರಮಾಡಿದವನು ಅನಾಥ ಬಾಲಕನೊಬ್ಬನು. ಅವನಿಗೆ ಬೇಕಾದುದು ಮೂರೇ ಆಗಿದ್ದವು: ಪ್ರತಿಭೆಯನ್ನು ಕಂಡು ಎಡೆಗೊಡುವ ಸಂಪಾದಕ, ಒಪ್ಪದಿದ್ದರೂ ಓದುವ ವಾಚಕವರ್ಗ, ಬರೆದುದಕ್ಕಾಗಿ ಬರೆದವನನ್ನು ಸೆರೆಗೆ ತಳ್ಳದ ಶಾಸನ. ಮೊದಲನೆಯದನ್ನು ಪತ್ರಿಕೆಗಳೂ, ಎರಡನೆಯದನ್ನು ಓದುಬಲ್ಲ ಪುರಜನರೂ, ಮೂರನೆಯದನ್ನು ಅಧಿಕಾರದಲ್ಲಿರುವವರೂ ಒದಗಿಸಬೇಕು. ಈ ಮೂವರಲ್ಲಿ ಯಾರೊಬ್ಬರು ತಮ್ಮ ಪಾಲಿನ ಹೊಣೆಯನ್ನು ಮರೆತರೂ, ಯಾವುದೋ ಊರಿನ ಯಾವುದೋ ಮನೆಯಲ್ಲಿ ಬೆಳೆಯುತ್ತಿರುವ ಅಂಥ ಬಾಲಕನು ಹೆಸರಿಲ್ಲದೆ ಅಳಿದುಹೋಗುವನು. ನಷ್ಟವು ಅವನೊಬ್ಬನದಲ್ಲ, ನಾಡಿನದು.